ಶುಲ್ಕದ ಪಟ್ಟಿ ಇದೆ, ಅಭ್ಯಾಸದ ಗೊಂಬೆ ಇಲ್ಲ

ಮಾನ್ಯ ಸಂಪಾದಕರೇ,

ಪಿಯುಸಿ ಮುಗಿಸಿದ ನನ್ನ ಮಗಳು ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ನೀಡುವ ತಂತ್ರಜ್ಞೆಯಾಗಬೇಕೆಂದು ಹಟ ಹಿಡಿದಿದ್ದಾಳೆ. ಕಳೆದ ತಿಂಗಳು ಅವಳೊಂದಿಗೆ ಒಂದು ತರಬೇತಿ ಸಂಸ್ಥೆಗೆ ಹೋಗಿದ್ದೆ. ಶುಲ್ಕದ ಪಟ್ಟಿ ತಕ್ಷಣ ಕೈಗೆ ಬಂತು. ಹೃದಯ ನಿಂತವರ ಎದೆ ಒತ್ತುವುದನ್ನು ಅಭ್ಯಾಸ ಮಾಡುವ ಗೊಂಬೆ ಎಲ್ಲಿ ಎಂದರೆ ಉತ್ತರವಿಲ್ಲ. ನಿಮಿಷಕ್ಕೆ 100ರಿಂದ 120 ಬಾರಿ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತುವುದು ಪುಸ್ತಕ ಓದಿ ಬರುವ ವಿದ್ಯೆಯೇ?

ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಒಯ್ಯಬೇಕೆಂದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಮಳೆಗಾಲದಲ್ಲಿ ಮರ ಬಿದ್ದರೆ, ಗುಡ್ಡ ಜರಿದರೆ ಅಷ್ಟೂ ಹೊತ್ತು ರೋಗಿಯ ಜೀವ ಆಂಬುಲೆನ್ಸ್ ಒಳಗಿರುವವರ ಕೈಯಲ್ಲಿ. 2018ರ ಆಗಸ್ಟ್ ತಿಂಗಳ ಮಳೆ, ಭೂಕುಸಿತಗಳನ್ನು ಕಂಡ ಕೊಡಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪೋಷಕರು ನಾಮಫಲಕಕ್ಕೆ ಮರುಳಾಗಬಾರದು. ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಎಷ್ಟು ಗಂಟೆ ಕಲಿಸುತ್ತಾರೆ, ಆಂಬುಲೆನ್ಸ್ ಹತ್ತಿಸುತ್ತಾರೆಯೇ, ಪ್ರಮಾಣಪತ್ರಕ್ಕೆ ಯಾರ ಮಾನ್ಯತೆ ಇದೆ ಎಂಬುದನ್ನು ಬರವಣಿಗೆಯಲ್ಲೇ ಪಡೆಯಬೇಕು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಮೊದಲು ಅಲ್ಲಿ ವಿಚಾರಿಸುವುದು ಒಳ್ಳೆಯದು. ಮಾನ್ಯತೆ ಪಡೆದ ಸಂಸ್ಥೆಗಳ ಪಟ್ಟಿಯನ್ನು ಆರೋಗ್ಯ ಇಲಾಖೆ ಪ್ರವೇಶಾತಿ ಆರಂಭಕ್ಕೆ ಮುನ್ನವೇ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಪ್ರಕಟಿಸಲಿ.

– ಒಬ್ಬ ತಂದೆ, ಸೋಮವಾರಪೇಟೆ