ಅಪ್ಪಯ್ಯನ ಪಾಲಿನ ಬಂಗುಡೆ

ಕಾಣೆಯಾಗಿದ್ದ ಅಪ್ಪಯ್ಯ ಸಿಕ್ಕಿ ಮನೆಗೆ ವಾಪಸ್ ಬಂದು ಇವತ್ತಿಗೆ ಹದಿನೆಂಟು ದಿನ. ಮೊದಲ ವಾರ ಫೋನ್ ಎತ್ತಲೂ ಆಗಲಿಲ್ಲ, ನಿಮ್ಮ ಮೆಸೇಜುಗಳಿಗೆ ಉತ್ತರ ಕೊಡಲೂ ಆಗಲಿಲ್ಲ. ದಯವಿಟ್ಟು ತಪ್ಪು ತಿಳಿಯಬೇಡಿ. ಯಾರಿಗೆಲ್ಲ ಧನ್ಯವಾದ ಹೇಳಬೇಕು ಅಂತ ನಿನ್ನೆ ರಾತ್ರಿ ಬರೆಯಲು ಕೂತರೆ ಎರಡು ಹಾಳೆ ತುಂಬಿತು, ಅದರಲ್ಲಿ ಅರ್ಧ ಜನರ ಹೆಸರೇ ನನಗೆ ಗೊತ್ತಿಲ್ಲ. "ಹೋಟೆಲಿನ ಹುಡುಗ", "ನೀಲಿ ಸೀರೆಯ ಮಾವಶಿ", "ಸ್ಟೇಷನ್ ಹೊರಗಿನ ರಿಕ್ಷಾದವರು" ಅಂತ ಬರೆದುಕೊಂಡಿದ್ದೇನೆ. ಅದಕ್ಕೇ ಎಲ್ಲರಿಗೂ ತಲುಪಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಪ್ಪಯ್ಯನಿಗೆ ಈಗ 81. ಗಂಗೊಳ್ಳಿಯಲ್ಲಿ ನಲವತ್ತು ವರ್ಷ ಕಡಲಿಗೆ ಹೋದವರು, ಅದರಲ್ಲಿ ಕೊನೆಯ ಹದಿನೈದು ವರ್ಷ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವರು. ಅಮ್ಮ ಹೋದ ಮೇಲೆ ಮರೆವು ಜಾಸ್ತಿಯಾಯಿತು. ಅನ್ನ ಉಂಡದ್ದು ಮರೆಯುತ್ತಿದ್ದರು, ಗ್ಯಾಸ್ ಹಚ್ಚಿಟ್ಟು ಹೊರಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಕುಂದಾಪುರದಲ್ಲಿ ಮತ್ಸ್ಯಗಂಧ ರೈಲು ಹತ್ತಿಸಿ ಮುಂಬಯಿ ಹತ್ತಿರದ ಡೊಂಬಿವಲಿಗೆ ಕರೆದುಕೊಂಡು ಬಂದೆವು. ಡಾಕ್ಟರು ಅಲ್ಜೈಮರ್ ಅಂದರು.

ನಮ್ಮದು ಮೂರನೇ ಮಹಡಿ. ಅಪ್ಪಯ್ಯ ದಿನಾ ಬೆಳಿಗ್ಗೆ ಕಿಟಕಿ ಹತ್ತಿರ ನಿಂತು ಕೆಳಗೆ ನೋಡಿ ಕೇಳುತ್ತಾರೆ, "ನೀರ್ ಎಲ್ಲಿಗ್ ಬಂತ್?" ಕೆಳಗೆ ಇರುವುದು ಸ್ಕೂಟರ್ ನಿಲ್ಲಿಸುವ ಜಾಗ. ಮೊದಮೊದಲು ನಾನು ಹೇಳುತ್ತಿದ್ದೆ, ಅಪ್ಪಯ್ಯ ಇದು ಡೊಂಬಿವಲಿ, ಇಲ್ಲಿ ಕಡಲಿಲ್ಲ ಅಂತ. ಅಷ್ಟು ಹೇಳಿದರೆ ಅವರ ಮುಖ ಸಣ್ಣದಾಗುತ್ತಿತ್ತು. ಆಮೇಲೆ ಹಾಗೆ ಹೇಳುವುದು ಬಿಟ್ಟೆ. "ಏರ್ತಾ ಇತ್ತ್ ಅಪ್ಪಯ್ಯ" ಅಂದರೆ ಸಾಕು, ತಲೆಯಾಡಿಸಿ ಕೂತು ಚಾ ಕುಡಿಯುತ್ತಾರೆ.

ನವೆಂಬರಿನ ಆ ಮಂಗಳವಾರ ಬೆಳಿಗ್ಗೆ ಐದಕ್ಕೆ ನಮ್ಮನೆಯವರು ಎದ್ದಾಗ ಬಾಗಿಲು ತೆರೆದಿತ್ತು. ಚಪ್ಪಲಿ ಅಲ್ಲೇ ಇತ್ತು. ಅವರ ಬೈರಾಸು, ಅಂದರೆ ಹೆಗಲ ಮೇಲಿನ ಟವೆಲು, ಮಾತ್ರ ಇರಲಿಲ್ಲ. ಅದನ್ನು ನೋಡಿದ ಕೂಡಲೇ ನನ್ನ ಎದೆ ಧಸಕ್ ಅಂತು. ಯಾಕೆಂದರೆ ಹೆಗಲಿಗೆ ಬೈರಾಸು ಹಾಕಿ ಬರಿಗಾಲಲ್ಲಿ ಹೊರಟರೆ ಅಪ್ಪಯ್ಯ ಕಡಲಿಗೆ ಹೊರಟರು ಅಂತಲೇ ಅರ್ಥ, ನಾನು ಹುಟ್ಟಿದಾಗಿನಿಂದ ನೋಡಿದ್ದು ಅದೇ. ಆದರೆ ಅದನ್ನು ನೋಡಿಯೂ ಎಲ್ಲಿ ಹುಡುಕಬೇಕು ಅಂತ ಹೊಳೆಯಲಿಲ್ಲ. ಒಂದೂವರೆ ದಿನ ಡೊಂಬಿವಲಿಯ ಬೀದಿಗಳಲ್ಲೇ ಸುತ್ತಿದೆವು.

ಆ ಒಂದೂವರೆ ದಿನದ ಬಗ್ಗೆ ಜಾಸ್ತಿ ಬರೆಯಲು ಮನಸ್ಸಿಲ್ಲ. ಒಂದು ಕಡೆ ದೂರು ಕೊಡಲು ಹೋದಾಗ 24 ಗಂಟೆ ಕಾಯಿರಿ ಅಂದರು. ಹಾಗೆ ಕಾಯಬೇಕು ಅಂತ ಯಾವ ನಿಯಮವೂ ಇಲ್ಲ, ಕಾಣೆಯಾದ ತಕ್ಷಣ ದೂರು ತೆಗೆದುಕೊಳ್ಳಲೇಬೇಕು. ಅದನ್ನು ನಮಗೆ ಹೇಳಿಕೊಟ್ಟವರು ಪಕ್ಕದ ಮನೆಯ ಕಾಕು. ಅವರೇ ನಮ್ಮ ಜೊತೆ ಮತ್ತೆ ಬಂದು, ಗಟ್ಟಿಯಾಗಿ ಮಾತಾಡಿ ದೂರು ಬರೆಸಿದರು. ಮರಾಠಿಯಲ್ಲಿ ಚೀಟಿ ಬರೆದು ಪ್ರಿಂಟ್ ಹಾಕಿಸಿದವರೂ ಅವರೇ. ಕಾಕು, ನೀವು ಇದನ್ನು ಓದಲಾರಿರಿ, ನಾನೇ ಬಂದು ಓದಿ ಹೇಳುತ್ತೇನೆ.

ನನ್ನ ಮಗನ ಗೆಳೆಯರು ಚೀಟಿ ಹಿಡಿದು ಕಲ್ಯಾಣದಿಂದ ಠಾಣೆವರೆಗೆ ಒಂದೊಂದು ಸ್ಟೇಷನ್ನಿನಲ್ಲಿ ಇಳಿದು ಹತ್ತಿದರು. ಪರೀಕ್ಷೆ ಹತ್ತಿರ ಇತ್ತು ಅವರಿಗೆ. ಒಬ್ಬ ಹುಡುಗನೂ ಅದರ ಮಾತೆತ್ತಲಿಲ್ಲ.

ಫೋಟೋ ನಮ್ಮೂರವರ ಗ್ರೂಪುಗಳಿಗೆ ಹೋಯಿತು, ಅಲ್ಲಿಂದ ಹೋಟೆಲಿನವರ ಗ್ರೂಪುಗಳಿಗೆ ಹೋಯಿತು. ಮುಂಬಯಿಯಲ್ಲಿ ನಮ್ಮ ಕಡೆಯವರ ಹೋಟೆಲಿಲ್ಲದ ಬೀದಿ ಯಾವುದಿದೆ ಹೇಳಿ. ಬುಧವಾರ ಮಧ್ಯಾಹ್ನದ ಹೊತ್ತಿಗೆ ಗಲ್ಲೆಯಲ್ಲಿ ಕೂತವರು, ಚಾ ಕೊಡುವವರು, ಪಾರ್ಸೆಲ್ ಕಟ್ಟುವವರು ಎಲ್ಲರ ಫೋನಿನಲ್ಲೂ ಅಪ್ಪಯ್ಯನ ಫೋಟೋ ಇತ್ತು. ಅಂದು ಸಂಜೆ ಒಬ್ಬರು ಹಿರಿಯರು ಫೋನ್ ಮಾಡಿದರು. ಹದಿಮೂರನೇ ವಯಸ್ಸಿಗೆ ಕುಂದಾಪುರದಿಂದ ಬಂದು ಫೋರ್ಟಿನಲ್ಲಿ ಹಗಲು ಹೋಟೆಲ್ ಕೆಲಸ ಮಾಡಿ ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರಿನವರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ತಂಗಿ, ನಿನ್ನ ಅಪ್ಪಯ್ಯ ಊರಂಗೆ ಬೆಳ್ಗಾತ ಎದ್ದ್ ಎಲ್ಲಿಗ್ ಹೋತಿದ್ರ್?"

"ಬಂದರಿಗೆ."

"ಹಾಂಗಾರೆ ಇಲ್ಲೂ ಬಂದರ್‌ನಂಗೇ ಹುಡ್ಕಿ."

ಇಷ್ಟು ಸುಲಭದ ಮಾತು ಮಗಳಾದ ನನಗೆ ಹೊಳೆಯಲಿಲ್ಲವಲ್ಲ ಅಂತ ಆ ರಾತ್ರಿ ಕೂತು ಅತ್ತೆ. ಅಲ್ಲಿಯವರೆಗೆ ಅಪ್ಪಯ್ಯ ದಾರಿ ತಪ್ಪಿದ್ದಾರೆ ಅಂತಲೇ ತಿಳಿದಿದ್ದೆ.

ಗಂಗೊಳ್ಳಿ ನೋಡದವರಿಗೆ ಹೇಳಬೇಕು. ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ಅಂತ ಐದು ಹೊಳೆಗಳು ಸೇರಿ ಪಂಚಗಂಗಾವಳಿಯಾಗಿ ಅಲ್ಲಿ ಕಡಲಿಗೆ ಬೀಳುತ್ತವೆ. ಕುಂದಾಪುರ ಆಚೆ ದಡದಲ್ಲಿ ಕಣ್ಣೆದುರಿಗೇ ಕಾಣುತ್ತದೆ, ಆದರೆ ರಸ್ತೆಯಲ್ಲಿ ಹೋಗಬೇಕಾದರೆ ತ್ರಾಸಿ ಸುತ್ತಿ ಹೋಗಬೇಕು. ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ನಮ್ಮ ಊರು. ದೇವಸ್ಥಾನದ ಗಂಟೆ, ಮಸೀದಿಯ ಬಾಂಗು, ಇಗರ್ಜಿಯ ಗಂಟೆ ಮೂರನ್ನೂ ಕೇಳುತ್ತಾ ನಾವು ಬೆಳೆದೆವು. ದೋಣಿ ಬರುವುದು ತಡವಾದರೆ ಮೂರೂ ಕಡೆಯ ಹೆಂಗಸರು ಅಳಿವೆಯ ಹತ್ತಿರ ಒಟ್ಟಿಗೇ ನಿಲ್ಲುತ್ತಿದ್ದರು. ಒಂದು ರಾತ್ರಿ ಗಾಳಿ ಎದ್ದಿತ್ತು, ನಾಲ್ಕು ದೋಣಿ ಬಂದಿರಲಿಲ್ಲ. ಅಮ್ಮನ ಸೆರಗು ಹಿಡಿದು ನಾನೂ ನಿಂತಿದ್ದೆ. ಯಾರೂ ಮಾತಾಡುತ್ತಿರಲಿಲ್ಲ. ಯಾರದೋ ಮನೆಯಿಂದ ದೊಡ್ಡ ಪಾತ್ರೆಯಲ್ಲಿ ಕುಚ್ಚಲಕ್ಕಿ ಗಂಜಿ ಬಂತು, ಯಾರ ಮನೆ ಅಂತ ಇವತ್ತಿಗೂ ಗೊತ್ತಿಲ್ಲ, ಮಕ್ಕಳಿಗೆಲ್ಲ ಮೊದಲು ಬಡಿಸಿದರು. ಬಿಸಿ ಗಂಜಿ, ಮೇಲೆ ಒಂದು ಚೂರು ಸುಟ್ಟ ಒಣಮೀನು. ಬೆಳಕು ಹರಿಯುವಾಗ ನಾಲ್ಕೂ ದೋಣಿ ಬಂದವು. ಅಪ್ಪಯ್ಯ ದೋಣಿಯಿಂದ ಇಳಿದು ನನ್ನ ತಲೆ ಮೇಲೆ ಒದ್ದೆ ಕೈ ಇಟ್ಟದ್ದು, ಆ ಉಪ್ಪು ನೀರು ಕಣ್ಣಿಗೆ ಬಂದು ಉರಿದದ್ದು ನೆನಪಿದೆ.

ಮಳೆಗಾಲದಲ್ಲಿ ಅಪ್ಪಯ್ಯ ಮನೆಯಲ್ಲಿರುತ್ತಿದ್ದರು. ಈಗ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ಸರ್ಕಾರದ್ದೇ ನಿಷೇಧ ಇದೆ, ಆಗ ಕಡಲೇ ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಜಗಲಿಯಲ್ಲಿ ಕೂತು ಬಲೆ ರಿಪೇರಿ ಮಾಡುತ್ತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿ ಎಳೆದು ಹಿಡಿದು, ಎಡಗೈಯಲ್ಲಿ ಬಿದಿರಿನ ಪಟ್ಟಿ, ಬಲಗೈಯಲ್ಲಿ ನೂಲು ತುಂಬಿದ ಸೂಜಿ. ಪಟ್ಟಿಗೆ ಒಂದು ಸುತ್ತು, ಮೇಲಿನ ಕಣ್ಣಿನಲ್ಲಿ ಸೂಜಿ ತೂರಿಸಿ, ಹೆಬ್ಬೆರಳಿಂದ ಒತ್ತಿ ಹಿಡಿದು, ಒಂದು ಎಳೆತ. ಗಂಟು ಬೀಳುತ್ತಿತ್ತು. ಪಟ್ಟಿಯ ಅಗಲ ಎಷ್ಟೋ ಬಲೆಯ ಕಣ್ಣೂ ಅಷ್ಟೇ, ಒಂದು ಹೆಚ್ಚಿಲ್ಲ ಒಂದು ಕಡಿಮೆ ಇಲ್ಲ. ಸೂಜಿಗೆ ನೂಲು ತುಂಬಿಕೊಡುವುದು ನನ್ನ ಕೆಲಸ. ಹೊರಗೆ ಮಳೆ ಸುರಿಯುತ್ತಿರುತ್ತಿತ್ತು, ನಾನು ಮಗ್ಗಿ ಹೇಳುತ್ತಾ ನೂಲು ತುಂಬುತ್ತಿದ್ದೆ.

ಇದನ್ನೆಲ್ಲ ಯಾಕೆ ಬರೆದೆ ಅಂದರೆ ಅಪ್ಪಯ್ಯ ಸಿಕ್ಕಿದ್ದು ಹಾಗೆಯೇ.

ಆ ಹಿರಿಯರು ಬುಧವಾರ ರಾತ್ರಿಯೇ ಮೂರು ಕಡೆಗೆ ಜನ ಮಾಡಿದರು. ಸಸೂನ್ ಡಾಕ್, ವರ್ಸೋವಾ, ಭಾವೂಚಾ ಧಕ್ಕಾ. ರಾತ್ರಿ ಹನ್ನೆರಡಕ್ಕೆ ಹೋಟೆಲ್ ಮುಚ್ಚಿ, ಪಾತ್ರೆ ತೊಳೆದು, ಮಲಗಬೇಕಾದ ಹುಡುಗರು ಮಲಗದೆ ನಾಲ್ಕು ಗಂಟೆಗೆ ಮೀನು ಇಳಿಸುವ ಜಾಗಕ್ಕೆ ಹೋದರು. ಭಾವೂಚಾ ಧಕ್ಕಾಕ್ಕೆ ಹೋದ ಇಬ್ಬರಲ್ಲಿ ಒಬ್ಬ ಬೈಂದೂರು ಕಡೆಯವನು, ಇನ್ನೂ ಮೀಸೆ ಸರಿಯಾಗಿ ಬಂದಿಲ್ಲ. ಬುಟ್ಟಿ, ಐಸು, ಕೂಗಾಟ, ತಳ್ಳಾಟದ ನಡುವೆ ಒಂದು ಮೂಲೆಯಲ್ಲಿ ಬಲೆಯ ರಾಶಿ ಮೇಲೆ ಅಪ್ಪಯ್ಯ ಕೂತಿದ್ದರು. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡು ಗಂಟು ಹಾಕುತ್ತಿದ್ದರು.

"ಹ್ವಾಯ್ ಅಜ್ಜಯ್ಯ, ಎಂತ ಮಾಡ್ತಾ ಇದ್ರಿ?" ಅಂದನಂತೆ ಹುಡುಗ.

ಅಪ್ಪಯ್ಯ ತಲೆ ಎತ್ತಿ, "ಬಲಿ ಹರ್ದಿತ್ತ್ ಮಗ. ದೋಣಿ ಹ್ವಾಪುದ್ರೊಳ್ಗ್ ಆಯ್ಕ್" ಅಂದರಂತೆ.

ಅವನು ಅವಸರ ಮಾಡಲಿಲ್ಲ. ಕೈ ಹಿಡಿದು ಎಳೆಯಲಿಲ್ಲ. ಪಕ್ಕದಲ್ಲಿ ಕೂತು, ನನಗೆ ಫೋನ್ ಮಾಡಿ, ನಾವು ಬರುವವರೆಗೆ ಒಂದೂವರೆ ಗಂಟೆ ಸೂಜಿಗೆ ನೂಲು ತುಂಬಿಕೊಡುತ್ತಾ ಕೂತಿದ್ದ. ಮಗಾ, ನಿನಗೆ ಏನು ಹೇಳಲಿ. ನಿನ್ನ ಅಮ್ಮನಿಗೆ ಫೋನ್ ಮಾಡಿ ಮಾತಾಡಿದ್ದೇನೆ, ಊರಿಗೆ ಬಂದಾಗ ನಿಮ್ಮ ಮನೆಗೆ ಖಂಡಿತ ಬರುತ್ತೇನೆ.

ಅಪ್ಪಯ್ಯ ಅಲ್ಲಿಗೆ ಹೋದದ್ದು ಹೇಗೆ ಅಂತ ಆಮೇಲೆ ತಿಳಿಯಿತು. ಡೊಂಬಿವಲಿಯಿಂದ ಮೀನು ತರಲು ಮುಂಜಾನೆ ಲೋಕಲ್ಲಿನಲ್ಲಿ ಹೋಗುವ ಹೆಂಗಸರಿದ್ದಾರೆ. ಅವರ ಖಾಲಿ ಬುಟ್ಟಿ ನೋಡಿ, ಮೀನಿನ ವಾಸನೆ ಹಿಡಿದು, ಹಿಂದೆಯೇ ರೈಲು ಹತ್ತಿದ್ದಾರೆ, ಅವರು ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ ಇಳಿದಾಗ ಇಳಿದಿದ್ದಾರೆ. ನೀಲಿ ಸೀರೆಯ ಮಾವಶಿ ಹೇಳಿದರು, ರಸ್ತೆ ದಾಟುವಾಗ ಕೈ ಹಿಡಿದು ದಾಟಿಸಿದ್ದು ನಾನೇ, ಧಕ್ಕಾದಲ್ಲಿ ಇವರ ಕಡೆಯವರು ಯಾರೋ ಇರಬೇಕು ಅಂದುಕೊಂಡೆ ಅಂತ. ಎರಡು ದಿನ ಬೋಟಿನವರು ಊಟ ಕೊಟ್ಟಿದ್ದಾರೆ, ರಾತ್ರಿ ಹೊದೆಯಲು ಚಾದರ ಕೊಟ್ಟಿದ್ದಾರೆ. ಅಪ್ಪಯ್ಯನಿಗೆ ಮರಾಠಿ ಬರುವುದಿಲ್ಲ, ಬರುತ್ತಿದ್ದ ಚೂರು ಹಿಂದಿಯೂ ಈಗ ಹೋಗಿದೆ. ಆದರೆ ಅಲ್ಲಿಯ ಕೋಲಿ ಮೀನುಗಾರರೂ ಬೋಟು ನಡೆಸುವವನನ್ನು ತಾಂಡೇಲ್ ಅಂತಲೇ ಕರೆಯುತ್ತಾರೆ. ಯಾರು ನೀವು ಅಂತ ಕೇಳಿದಾಗ ಅಪ್ಪಯ್ಯ ಎದೆ ಮುಟ್ಟಿಕೊಂಡು "ತಾಂಡೇಲ" ಅಂದಿದ್ದಾರೆ. ಅವರಿಗೆ ಅಷ್ಟು ಸಾಕಾಯಿತು. ಗಂಟು ಹಾಕುವ ಕೈ ನೋಡಿದ ಮೇಲಂತೂ ಯಾರೂ ಏನೂ ಕೇಳಲಿಲ್ಲವಂತೆ.

ಅಂಗಿಯ ಗುಂಡಿ ಹಾಕಿಕೊಳ್ಳಲು ಬರದ ಅಪ್ಪಯ್ಯ ಬಲೆ ಹೇಗೆ ಹೊಲಿದರು ಅಂತ ಡಾಕ್ಟರನ್ನು ಕೇಳಿದೆ. ಮಾತು, ಹೆಸರು, ದಿನ ಎಲ್ಲ ಮೊದಲು ಹೋಗುತ್ತವೆ, ವರ್ಷಗಟ್ಟಲೆ ಕೈ ಮಾಡಿದ ಕೆಲಸ ಎಷ್ಟೋ ಸಲ ಕೊನೆಯವರೆಗೂ ಉಳಿಯುತ್ತದೆ ಅಂದರು.

ಹೊರಡುವಾಗ ಆ ಬೋಟಿನ ತಾಂಡೇಲ್ ಒಂದು ಪ್ಲಾಸ್ಟಿಕ್ ಚೀಲ ತಂದು ನನ್ನ ಕೈಗೆ ಕೊಟ್ಟರು. ಒಳಗೆ ಎಂಟು ಬಂಗುಡೆ. ದುಡ್ಡು ಕೊಡಲು ಹೋದೆ. ಬೇಡ ಅಂದರು, ಇದು ಬಾಬಾನ ಪಾಲು, ಎರಡು ದಿನ ಕೆಲಸ ಮಾಡಿದ್ದಾರೆ ಅಂದರು.

ಪಾಲು. ಆ ಮಾತು ಕೇಳಿ ನನಗೆ ಅಲ್ಲೇ ನಿಂತಲ್ಲೇ ಅಳು ಬಂತು. ನಾನು ಆರೇಳು ವರ್ಷದವಳಿದ್ದಾಗ ನಮ್ಮಲ್ಲಿ ಇನ್ನೂ ರಂಪಣಿ ಇತ್ತು. ದೋಣಿಯಲ್ಲಿ ಬಲೆ ಒಯ್ದು ಕಡಲಿನಲ್ಲಿ ಸುತ್ತು ಬಿಟ್ಟು ಎರಡೂ ತುದಿ ದಡಕ್ಕೆ ತಂದರೆ ನಲವತ್ತು ಐವತ್ತು ಜನ ಮರಳಿನಲ್ಲಿ ನಿಂತು ಎಳೆಯುತ್ತಿದ್ದರು. ಮಕ್ಕಳು ನಾವೂ ಓಡಿ ಹೋಗಿ ಹಗ್ಗದ ತುದಿ ಹಿಡಿಯುತ್ತಿದ್ದೆವು. ನಮ್ಮಿಂದ ಏನು ಎಳೆಯಲು ಆಗುತ್ತದೆ, ಆದರೂ ಹಗ್ಗ ಮುಟ್ಟಿದವರಿಗೆಲ್ಲ ಪಾಲು ಇತ್ತು. ನನ್ನ ಲಂಗ ಹಿಡಿ ಅಂತ ಹೇಳಿ ಬಂಗುಡೆ, ಬೈಗೆ ಎರಡು ಬೊಗಸೆ ಹಾಕುತ್ತಿದ್ದರು. 70ರ ದಶಕದ ಕೊನೆಗೆ ದೊಡ್ಡ ಸುತ್ತುಬಲೆ ಬಿಡುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಕಡಿಮೆಯಾಗುತ್ತಾ ಹೋಯಿತು, ಆಮೇಲೆ ಹಾಗೆ ಲಂಗದಲ್ಲಿ ಮೀನು ತಂದದ್ದು ನೆನಪಿಲ್ಲ. ಇಷ್ಟು ವರ್ಷದ ಮೇಲೆ, ಯಾರೆಂದು ಗೊತ್ತಿಲ್ಲದ ಊರಿನಲ್ಲಿ, ನನ್ನ ಅಪ್ಪಯ್ಯನಿಗೆ ಪಾಲು ಕೊಟ್ಟರು.

ಆ ದಿನ ಮಧ್ಯಾಹ್ನ ಬಂಗುಡೆ ಸಾರು ಮಾಡಿದೆ. ಅಪ್ಪಯ್ಯ ಮುಳ್ಳು ಬಿಡಿಸಿ ಬಿಡಿಸಿ ಉಂಡರು. ಕಾಕುಗೆ ಎರಡು, ಕೆಳಗಿನ ವಾಚ್‌ಮನ್‌ಗೆ ಒಂದು ಕೊಟ್ಟೆ.

ಮನೆಯಲ್ಲಿ ಹೀಗೆ ಹಿರಿಯರಿರುವವರಿಗೆ ಒಂದೆರಡು ಮಾತು, ನಾವು ಕಲಿತದ್ದು. ಅಂಗಿಯ ಒಳಗೆ ಬಟ್ಟೆಯ ಪಟ್ಟಿ ಹೊಲಿದು ಫೋನ್ ನಂಬರ್ ಬರೆಯಿರಿ. ಬಾಗಿಲಿಗೆ ಮೇಲೆ, ಕಣ್ಣಿಗೆ ಬೀಳದ ಜಾಗದಲ್ಲಿ ಇನ್ನೊಂದು ಚಿಲಕ ಹಾಕಿಸಿ. ತಪ್ಪಿಸಿಕೊಂಡರೆ ಕಾಯದೆ ದೂರು ಕೊಡಿ, ರೈಲ್ವೆ ಪೊಲೀಸರ 1512ಕ್ಕೆ ಫೋನ್ ಮಾಡಿ. ಹಿರಿಯರಿಗಾಗಿಯೇ ಇರುವ ಸಹಾಯವಾಣಿ 14567. ಮತ್ತೆ ಆ ಹಿರಿಯರು ಕೇಳಿದ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳಿ, ಈ ಹೊತ್ತಿಗೆ ಮೊದಲು ಎಲ್ಲಿಗೆ ಹೋಗುತ್ತಿದ್ದರು ಅಂತ.

ಫೋಟೋ ಕಳಿಸಿದವರು, ಮುಂದಕ್ಕೆ ಕಳಿಸಿದವರು, ಗಂಗೊಳ್ಳಿಯಲ್ಲಿ ಹರಕೆ ಹೊತ್ತ ಅತ್ತಿಗೆಯರು, ರಿಕ್ಷಾ ಸ್ಟ್ಯಾಂಡಿನ ಅಣ್ಣಂದಿರು, ದೂರು ಬರೆದ ಮೇಲೆ ಎರಡು ರಾತ್ರಿ ಕ್ಯಾಮೆರಾ ನೋಡುತ್ತಾ ಕೂತ ರೈಲ್ವೆಯ ಕಾನ್‌ಸ್ಟೇಬಲ್, ಸಂಘದ ಎಲ್ಲರಿಗೂ ಕೈ ಮುಗಿಯುತ್ತೇನೆ. ಧಕ್ಕಾದ ತಾಂಡೇಲ್ ಬರುವ ನಾರಳಿ ಪೌರ್ಣಿಮೆಗೆ ಅಪ್ಪಯ್ಯನನ್ನು ಕರೆದುಕೊಂಡು ಬನ್ನಿ, ಇವರ ಕೈಯಿಂದಲೇ ಕಡಲಿಗೆ ತೆಂಗಿನಕಾಯಿ ಬಿಡಿಸೋಣ ಅಂದಿದ್ದಾರೆ. ಅದು ನಮ್ಮ ನೂಲ ಹುಣ್ಣಿಮೆಯೇ. ಹೋಗುತ್ತೇವೆ.

ಅವರೇ ಒಂದು ಹರಿದ ಬಲೆಯನ್ನೂ ಕೊಟ್ಟು ಕಳಿಸಿದ್ದಾರೆ. ಈಗ ಬಾಲ್ಕನಿಯಲ್ಲಿ ಹರಡಿದೆ, ಅಪ್ಪಯ್ಯ ಬೆಳಿಗ್ಗೆ ಅದರ ಮುಂದೆ ಕೂರುತ್ತಾರೆ. ಪ್ಲಾಸ್ಟಿಕ್ ಸೂಜಿ ಅವರಿಗೆ ಹಿಡಿಸುತ್ತಿಲ್ಲ, ತಿರುಗಿಸಿ ನೋಡಿ ಪಕ್ಕಕ್ಕೆ ಇಡುತ್ತಾರೆ. ಗಂಗೊಳ್ಳಿ, ಕೋಡಿ, ಮರವಂತೆ ಕಡೆ ಯಾರ ಮನೆಯಲ್ಲಾದರೂ ಹಳೇ ಬಿದಿರಿನ ಸೂಜಿ, ಪಟ್ಟಿ ಇದ್ದರೆ ಮತ್ಸ್ಯಗಂಧದಲ್ಲಿ ಬರುವವರ ಹತ್ತಿರ ಕೊಟ್ಟು ಕಳಿಸಿ. ನಾನು ಸ್ಟೇಷನ್ನಿಗೆ ಬಂದು ತೆಗೆದುಕೊಳ್ಳುತ್ತೇನೆ.