‘ಸರ್ವರ್ ಡೌನ್’ ಅಂದರೆ ಸಾಲದು, ಎರರ್ ನಂಬರ್ ಬರೆದುಕೊಡಿ

ಮಾನ್ಯ ಸಂಪಾದಕರೆ,

ಕಾಲೇಜು ಪ್ರವೇಶ, ಪರೀಕ್ಷಾ ಶುಲ್ಕ, ವಿದ್ಯಾರ್ಥಿವೇತನ, ಬೆಳೆ ವಿಮೆ, ಈಗ ಎಲ್ಲಕ್ಕೂ ಆನ್‌ಲೈನ್ ಅರ್ಜಿ. ಅರ್ಜಿ ಹೋಗದಿದ್ದಾಗ ನಮ್ಮ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಸಿಗುವ ಉತ್ತರ ಒಂದೇ: “ಸರ್ವರ್ ಡೌನ್ ಐತ್ರಿ, ನಾಳಿಗೆ ಬರ್ರಿ.” ಕನಕಗಿರಿ ಆಚೆಯ ಹಳ್ಳಿಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು ಇಷ್ಟು ಕೇಳಿಸಿಕೊಂಡು ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಅವರು ಮರುಪ್ರಶ್ನೆ ಹಾಕುವುದಿಲ್ಲ. ಹೇಳಿದವರಿಗೂ ಅದಕ್ಕಿಂತ ಹೆಚ್ಚೇನೂ ಗೊತ್ತಿರುವುದಿಲ್ಲ. ಈ ಉತ್ತರವನ್ನು ನಾವು ಇನ್ನು ಒಪ್ಪಿಕೊಳ್ಳಬಾರದು ಎಂದು ಹೇಳುವುದಕ್ಕೇ ಈ ಪತ್ರ.

ಗಂಗಾವತಿಯಲ್ಲಿ ಕೆಲವು ಖಾಸಗಿ ಕಾಲೇಜು, ಅಕ್ಕಿ ಗಿರಣಿ, ಬೀಜ-ಗೊಬ್ಬರದ ಅಂಗಡಿಗಳ ಸರ್ವರ್ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕಂಡಂತೆ, ‘ಡೌನ್’ ಎಂದು ಹೇಳುವ ಹೊತ್ತಿನಲ್ಲಿ ಯಂತ್ರ ಸಾಮಾನ್ಯವಾಗಿ ಚಾಲೂ ಇರುತ್ತದೆ. ಈಗಿನ ಜಾಲತಾಣಗಳಲ್ಲಿ ಕೆಲಸ ಎರಡು ಕಡೆ ನಡೆಯುತ್ತದೆ. ಮುಂದೆ ಎಂಜಿನ್‌ಎಕ್ಸ್ ಅಥವಾ ಅಪಾಚೆಯಂತಹ ಒಂದು ಸರ್ವರ್. ಅದಕ್ಕೆ ರಿವರ್ಸ್ ಪ್ರಾಕ್ಸಿ ಎನ್ನುತ್ತಾರೆ. ಅರ್ಜಿ ಪರಿಶೀಲಿಸಿ ಡೇಟಾಬೇಸಿಗೆ ಬರೆಯುವ ಪ್ರೋಗ್ರಾಮ್ ಅದರ ಹಿಂದೆ. ಅಕ್ಕಿ ಗಿರಣಿಯ ಗೇಟಿನಲ್ಲಿ ಕೂತ ಗುಮಾಸ್ತ ಲಾರಿಯವನ ಚೀಟಿ ಇಸಕೊಂಡು ಒಳಗೆ ಕಳಿಸಿ, ಒಳಗಿನ ಉತ್ತರವನ್ನು ತಂದುಕೊಡುವ ಹಾಗೆ ಈ ಮುಂದಿನ ಸರ್ವರ್. ಜಗಳ ಬರುವುದು ಬಹಳ ಸಲ ಈ ಇಬ್ಬರ ನಡುವೆ. ಎಲ್ಲಿ ಏನಾಯಿತು ಎಂಬುದನ್ನು ಪರದೆಯ ಮೇಲಿನ ಮೂರಂಕಿಯ ಸಂಖ್ಯೆಯೇ ಅರ್ಧ ಹೇಳಿಬಿಡುತ್ತದೆ. ಅದನ್ನು ಓದುವ ಅಭ್ಯಾಸ ಮಾತ್ರ ನಮ್ಮಲ್ಲಿ ಬೆಳೆದಿಲ್ಲ.

502 ಬಂದರೆ, ಮುಂದಿನ ಸರ್ವರ್ ಎದ್ದು ಕೂತಿದೆ, ಹಿಂದಿನದರಿಂದ ಅದಕ್ಕೆ ಸರಿಯಾದ ಉತ್ತರ ಸಿಕ್ಕಿಲ್ಲ ಎಂದರ್ಥ. ಬೇಸಿಗೆಯಲ್ಲಿ ಕರೆಂಟು ಹೋಗಿ ಬಂದಾಗ, ಸರ್ವರನ್ನು ತಮ್ಮ ಕೋಣೆಯಲ್ಲೇ ಇಟ್ಟುಕೊಂಡ ಸಣ್ಣ ಸಂಸ್ಥೆಗಳಲ್ಲಿ ಇದು ಮೇಲಿಂದ ಮೇಲೆ ಆಗುತ್ತದೆ. ಯುಪಿಎಸ್ ಸೋತು ಯಂತ್ರ ಆರಿ ಮತ್ತೆ ಹತ್ತಿಕೊಳ್ಳುತ್ತದೆ, ಎಂಜಿನ್‌ಎಕ್ಸ್ ತಾನಾಗಿ ಶುರುವಾಗುತ್ತದೆ. ಹಿಂದಿನ ಪ್ರೋಗ್ರಾಮನ್ನು ಬೂಟ್ ಆದಾಗ ತಾನಾಗಿ ಏಳುವಂತೆ ಯಾರೂ ಹೊಂದಿಸಿರುವುದಿಲ್ಲ. ಎರರ್ ಲಾಗ್, ಅಂದರೆ ಸರ್ವರ್ ತನ್ನ ತೊಂದರೆಗಳನ್ನು ಬರೆದಿಡುವ ಫೈಲು ತೆರೆದರೆ ‘111, ಕನೆಕ್ಷನ್ ರೆಫ್ಯೂಸ್ಡ್’ (ಹಿಂದೆ ಉತ್ತರಿಸುವವರೇ ಇಲ್ಲ) ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಆ ಜಾಗದಲ್ಲಿ ‘13, ಪರ್ಮಿಷನ್ ಡಿನೈಡ್’ ಎಂದಿದ್ದರೆ ಕಥೆಯೇ ಬೇರೆ. ರೆಡ್ ಹ್ಯಾಟ್ ಜಾತಿಯ ಲಿನಕ್ಸ್‌ಗಳಲ್ಲಿ ಎಸ್‌ಇಲಿನಕ್ಸ್ ಎಂಬ ಕಾವಲು ವ್ಯವಸ್ಥೆ, ವೆಬ್ ಸರ್ವರ್ ಬೇರೆ ಪೋರ್ಟಿಗೆ, ಅಂದರೆ ಹಿಂದಿನ ಪ್ರೋಗ್ರಾಮ್ ಕೂತ ಬಾಗಿಲಿಗೆ, ಸಂಪರ್ಕ ಮಾಡುವುದನ್ನು ಹೆಚ್ಚಾಗಿ ತಡೆದಿರುತ್ತದೆ. ಅನುಮತಿ ಕೊಡಲು ಒಂದೇ ಆಜ್ಞೆ ಸಾಕು. ಆದರೆ ಕಾಯಂ ಮಾಡುವ ‘-ಪಿ’ ಬಿಟ್ಟು ಕೊಟ್ಟರೆ ಮುಂದಿನ ರೀಬೂಟಿಗೆ ಅದು ಅಳಿಸಿಹೋಗುತ್ತದೆ. ಅಂದರೆ ಮತ್ತೊಮ್ಮೆ ಕರೆಂಟು ಹೋದಾಗ ಮತ್ತೆ 502. ಇಷ್ಟು ಹುಡುಕುವ ತಾಳ್ಮೆ ಇಲ್ಲದೆ ಆ ಕಾವಲನ್ನೇ ಪೂರ್ತಿ ಬಂದ್ ಮಾಡಿ ಹೋಗುವವರಿದ್ದಾರೆ. ಜನರ ಆಧಾರ್ ಪ್ರತಿ, ಅಂಕಪಟ್ಟಿ ಇಟ್ಟುಕೊಂಡ ಯಂತ್ರದಲ್ಲಿ ಹಾಗೆ ಮಾಡುವುದು ತಪ್ಪು.

ನನಗೆ ಹೆಚ್ಚು ಸಂಕಟವಾಗುವುದು 504 ಕಂಡಾಗ. ನನ್ನ ಪಕ್ಕದ ಆನ್‌ಲೈನ್ ಸೆಂಟರಿನಲ್ಲಿ ಒಬ್ಬ ತಾಯಿ ಮಗಳ ಶುಲ್ಕ ತುಂಬುತ್ತಿದ್ದರು. ಜಾಲತಾಣ ಯಾವುದೆಂಬುದು ಇಲ್ಲಿ ಬೇಡ. ಪರದೆ ಬಿಳಿಯಾಗಿ 504 ಬಂತು. ಅವರು ಅಂಗಡಿಯ ಹುಡುಗನನ್ನು ಕೇಳಿದರು: “ತಮ್ಮಾ, ರೊಕ್ಕ ಹೋಗೇತಂತ ಮೆಸೇಜ್ ಬಂದೈತಿ, ರಸೀತಿ ಬಂದಿಲ್ಲ. ಇನ್ನೊಮ್ಮೆ ತುಂಬ್ಲೇನು?” ಅವನು “ತುಂಬ್ರಿ ಯವ್ವಾ, ಸರ್ವರ್ ಡೌನ್ ಇತ್ತು, ಮೊದ್ಲಿಂದು ವಾಪಸ್ ಬರ್ತೈತಿ” ಅಂದ. “ಬ್ಯಾಡ್ರಿ ಅಕ್ಕಾರ, ಸ್ವಲ್ಪ ತಡೀರಿ” ಎಂದು ನಾನು ಅವಸರದಲ್ಲಿ ನಡುವೆ ಹೋಗಬೇಕಾಯಿತು. ಅರ್ಜಿಯ ಸ್ಥಿತಿ ನೋಡುವ ಪುಟ ಸ್ವಲ್ಪ ಹೊತ್ತಿನ ಮೇಲೆ ತೆರೆಯಿತು. ಶುಲ್ಕ ಜಮಾ ಆಗಿತ್ತು.

504 ಎಂದರೆ ಕೆಲಸ ಆಗಿಲ್ಲ ಎಂದಲ್ಲ. ಮುಂದಿನ ಸರ್ವರ್ ಕಾಯುವುದನ್ನು ನಿಲ್ಲಿಸಿತು ಎಂದು ಮಾತ್ರ. ಎಂಜಿನ್‌ಎಕ್ಸ್‌ನಲ್ಲಿ ಯಾರೂ ಏನೂ ಬದಲಿಸದಿದ್ದರೆ, ಹಿಂದಿನಿಂದ 60 ಸೆಕೆಂಡು ಏನೂ ಬಾರದಿದ್ದಾಗ ಅದು ಕೈಬಿಡುತ್ತದೆ. ಹಿಂದಿನ ಪ್ರೋಗ್ರಾಮ್ ಅಷ್ಟಕ್ಕೆ ನಿಲ್ಲಬೇಕೆಂದಿಲ್ಲ, 70ನೇ ಸೆಕೆಂಡಿಗೆ ಹಣ ಜಮಾ ಮಾಡಿ ಮುಗಿಸಬಹುದು. ಇದಕ್ಕೆ ಕೆಲವರು ಕಂಡುಕೊಂಡ ಔಷಧ 60 ಅನ್ನು 600 ಮಾಡುವುದು. ಆಗ ಕಾಯುವವರ ಸಾಲು ಬೆಳೆದು, ಕೊನೆಯ ದಿನದ ನೂಕುನುಗ್ಗಲಿನಲ್ಲಿ ಇಡೀ ಜಾಲತಾಣವೇ ಕೂತುಬಿಡುತ್ತದೆ. ನೋಡಬೇಕಾದದ್ದು ಹಿಂದೆ ಅಷ್ಟು ಹೊತ್ತು ಯಾಕೆ ಹಿಡಿಯಿತು ಎಂಬುದನ್ನು. ಹೆಚ್ಚಾಗಿ ಅಲ್ಲಿ ಇಂಡೆಕ್ಸ್ (ಪುಸ್ತಕದ ಕೊನೆಯ ಪದಸೂಚಿಯಂಥದ್ದು) ಇಲ್ಲದ ದೊಡ್ಡ ಡೇಟಾಬೇಸ್ ಟೇಬಲಿನಲ್ಲಿ ಒಂದು ಹುಡುಕಾಟ ನಡೆದಿರುತ್ತದೆ. ಹಣದ ವಿಷಯದಲ್ಲಿ ಇನ್ನೂ ಒಂದು ಎಚ್ಚರ ಬೇಕು: ಒಂದು ಅರ್ಜಿಯ ಒಂದು ಶುಲ್ಕಕ್ಕೆ ಒಂದೇ ಗುರುತಿನ ಸಂಖ್ಯೆ ಇರಬೇಕು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಹಳೆಯ ರಸೀತಿಯನ್ನೇ ತೋರಿಸಬೇಕೇ ಹೊರತು ಮತ್ತೆ ಹಣ ಎಳೆಯಬಾರದು. ಇದನ್ನು ಬರೆಯುವುದು ಪ್ರೋಗ್ರಾಮರ್ ಕೆಲಸ, ಬರೆಸಿಕೊಳ್ಳುವುದು ಗುತ್ತಿಗೆ ಕೊಟ್ಟವರ ಕೆಲಸ.

413, ಅಂದರೆ ಕಳಿಸಿದ್ದು ಮಿತಿಗಿಂತ ದೊಡ್ಡದು ಎಂಬುದು, ತೀರ ಸುಲಭದ್ದು, ಆದರೆ ಹಳ್ಳಿಯವರನ್ನು ಕಾಡುವಷ್ಟು ಬೇರೆಯವರನ್ನು ಕಾಡುವುದಿಲ್ಲ. ಸ್ಕ್ಯಾನರ್ ಇಲ್ಲದವರು ಮೊಬೈಲಿನಲ್ಲಿ ದಾಖಲೆಯ ಫೋಟೊ ಹೊಡೆದು ಹಾಕುತ್ತಾರೆ. ಈಗಿನ ಫೋನಿನ ಒಂದು ಫೋಟೊ ಮೂರು-ನಾಲ್ಕು ಎಂಬಿ ಇರುವುದು ಸಾಮಾನ್ಯ. ಯಾರೂ ಬದಲಿಸದಿದ್ದರೆ ಎಂಜಿನ್‌ಎಕ್ಸ್ ಒಪ್ಪುವುದು 1 ಎಂಬಿ ಮಾತ್ರ. ಅದನ್ನು ಹೆಚ್ಚಿಸಿದ ಮೇಲೂ, ಹಿಂದಿನ ಪ್ರೋಗ್ರಾಮ್ ಪಿಎಚ್‌ಪಿ ಭಾಷೆಯದಾಗಿದ್ದರೆ ಅಲ್ಲಿ ಒಂದು ಫೈಲಿಗೆ 2 ಎಂಬಿ, ಒಟ್ಟು ಅರ್ಜಿಗೆ 8 ಎಂಬಿ ಎಂಬ ಮಿತಿ ಬೇರೆ ಕೂತಿರುತ್ತದೆ. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಬಿಟ್ಟವರನ್ನು ನಾನು ಬಹಳ ನೋಡಿದ್ದೇನೆ. ಕಚೇರಿಯ ಸ್ಕ್ಯಾನರಿನಿಂದ ಸಣ್ಣ ಫೈಲು ಹಾಕಿ ಪರೀಕ್ಷೆ ಮಾಡಿದವರಿಗೆ ಇದು ಕಣ್ಣಿಗೇ ಬೀಳುವುದಿಲ್ಲ. ದಯವಿಟ್ಟು ಮೊಬೈಲಿನಲ್ಲಿ ತೆಗೆದ ಫೋಟೊ ಹಾಕಿ ಪರೀಕ್ಷೆ ಮಾಡಿ.

ಲಾಗಿನ್ ಲಾಕ್ ಆಗುವುದು ಇನ್ನೊಂದು ಗೋಳು. ಪಾಸ್‌ವರ್ಡನ್ನು ಪದೇ ಪದೇ ತಪ್ಪು ಹೊಡೆದವರನ್ನು ಸ್ವಲ್ಪ ಹೊತ್ತು ತಡೆಯುವುದು ಒಳ್ಳೆಯ ರಕ್ಷಣೆಯೇ. ಆದರೆ ಬಂದವರ ನಿಜವಾದ ಐಪಿ ವಿಳಾಸವನ್ನು (ಇಂಟರ್ನೆಟ್ಟಿನಲ್ಲಿ ಅವರ ಸಂಪರ್ಕದ ಸಂಖ್ಯೆಯನ್ನು) ಮುಂದಿನ ಸರ್ವರ್ ಹಿಂದಕ್ಕೆ ದಾಟಿಸದಿದ್ದರೆ, ಹಿಂದಿನ ಪ್ರೋಗ್ರಾಮಿಗೆ ರಾಯಚೂರಿನವರೂ ಬಳ್ಳಾರಿಯವರೂ ಕುಷ್ಟಗಿಯವರೂ ಒಬ್ಬರೇ ಆಗಿ ಕಾಣುತ್ತಾರೆ. ಎಲ್ಲರೂ ಬರುವುದು ಅದೇ ಮುಂದಿನ ಸರ್ವರಿನ ವಿಳಾಸದಿಂದ ತಾನೆ? ಎಲ್ಲೋ ಕೆಲವರು ತಪ್ಪು ಪಾಸ್‌ವರ್ಡ್ ಹೊಡೆದರೆ ಎಲ್ಲರಿಗೂ ಲಾಕ್. ಬಂದವರ ವಿಳಾಸ ಹೇಳುವ ಎಕ್ಸ್-ಫಾರ್ವರ್ಡೆಡ್-ಫಾರ್ ಎಂಬ ಹೆಡರ್ (ಜೊತೆಗೆ ಹೋಗುವ ಒಂದು ಸಾಲು) ಕಳಿಸಿ, ನಮ್ಮ ಮುಂದಿನ ಸರ್ವರಿನಿಂದ ಬಂದಾಗ ಮಾತ್ರ ಅದನ್ನು ನಂಬು ಎಂದು ಹಿಂದೆ ಬರೆದರೆ ಸರಿಹೋಗುತ್ತದೆ. ಯಾರಿಂದ ಬಂದರೂ ನಂಬಿದರೆ ಮೋಸಗಾರರು ಬೇಕಾದ ವಿಳಾಸ ಬರೆದು ಕಳಿಸುತ್ತಾರೆ, ಆ ಎಚ್ಚರವೂ ಬೇಕು.

ಪ್ರಮಾಣಪತ್ರದ, ಅಂದರೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟಿನ ಅವಧಿ ಮುಗಿದು ಜಾಲತಾಣ ತೆರೆಯದಿರುವುದು ಎಲ್ಲರಿಗೂ ಗೊತ್ತಿರುವ ತೊಂದರೆ. ತಾನಾಗಿ ನವೀಕರಿಸುವ ಸ್ಕ್ರಿಪ್ಟು ಹೊಸದನ್ನು ತಂದಿಟ್ಟಿದ್ದರೂ ಎಂಜಿನ್‌ಎಕ್ಸನ್ನು ರಿಲೋಡ್ ಮಾಡುವವರೆಗೆ, ಅಂದರೆ ನಿಲ್ಲಿಸದೆಯೇ ಫೈಲುಗಳನ್ನು ಮತ್ತೆ ಓದಿಸುವವರೆಗೆ, ಅದು ಹಳೆಯದನ್ನೇ ತೋರಿಸುತ್ತಿರುತ್ತದೆ. ಇಷ್ಟು ನೋಡಿದರೆ ಸಾಕು.

ಇವೆಲ್ಲಕ್ಕೂ ಈಗ ನಡೆಯುತ್ತಿರುವ ಚಿಕಿತ್ಸೆ ರೀಸ್ಟಾರ್ಟ್. ಹನ್ನೊಂದು ಗಂಟೆಯ ರಶ್ಶಿನಲ್ಲಿ ರೀಸ್ಟಾರ್ಟ್ ಕೊಟ್ಟರೆ ಅರ್ಧ ಅರ್ಜಿ ಹಾಕಿ ಕೂತವರ ಸಂಪರ್ಕ ಕಡಿಯುತ್ತದೆ. ಮೊದಲು ‘ಎಂಜಿನ್‌ಎಕ್ಸ್ -ಟಿ’ ಎಂದು ಕಾನ್ಫಿಗ್ (ಹೊಂದಾಣಿಕೆಯ ಫೈಲು) ಪರೀಕ್ಷಿಸಿ, ಆಮೇಲೆ ರಿಲೋಡ್ ಕೊಟ್ಟರೆ ನಡೆಯುತ್ತಿರುವ ಕೆಲಸ ಮುಗಿಸಿಕೊಂಡೇ ಹೊಸ ಹೊಂದಾಣಿಕೆ ಜಾರಿಗೆ ಬರುತ್ತದೆ. ಅದಕ್ಕೂ ಮುಂಚೆ ಲಾಗ್ ಓದಬೇಕು. ಲಾಗ್ ಓದದೆ ರೀಸ್ಟಾರ್ಟ್ ಮಾಡಿದವರಿಗೆ ಕಾರಣ ಗೊತ್ತಾಗುವುದಿಲ್ಲ, ಕಾರಣ ಗೊತ್ತಿಲ್ಲದ್ದು ಮುಂದಿನ ಸೋಮವಾರ ಮತ್ತೆ ಬರುತ್ತದೆ.

ಜಾಲತಾಣ ನಡೆಸುವ ಎಲ್ಲ ಸಂಸ್ಥೆಗಳಲ್ಲಿ ನನ್ನ ವಿನಂತಿ ಇದು. ‘502 ಬ್ಯಾಡ್ ಗೇಟ್‌ವೇ’ ಎಂಬ ಬೋಳು ಇಂಗ್ಲಿಷ್ ಪುಟದ ಬದಲು ಕನ್ನಡದ ಪುಟ ತೋರಿಸಿ. ಎಂಜಿನ್‌ಎಕ್ಸ್‌ನಲ್ಲೇ ಅದಕ್ಕೆ ಅವಕಾಶವಿದೆ, ದೊಡ್ಡ ಖರ್ಚಿಲ್ಲ. ಆ ಪುಟ ಮುಂದಿನ ಸರ್ವರಿನಲ್ಲೇ ಇರಲಿ, ಹಿಂದಿನದು ಸತ್ತಾಗಲೂ ಕಾಣಬೇಕು. ಅದರಲ್ಲಿ ಹೀಗೆ ಬರೆಯಿರಿ: “ನಿಮ್ಮ ಅರ್ಜಿ ನಮಗೆ ತಲುಪಿತೋ ಇಲ್ಲವೋ ಈಗ ಖಚಿತವಿಲ್ಲ. ಹಣ ಕಟ್ಟಿದ್ದರೆ ಮತ್ತೆ ಕಟ್ಟಬೇಡಿ. ಅರ್ಧ ಗಂಟೆ ಬಿಟ್ಟು ಅರ್ಜಿಯ ಸ್ಥಿತಿ ನೋಡಿ.” ಕೆಳಗೆ ಎರರ್ ನಂಬರ್, ದಿನಾಂಕ, ಸಮಯ, ಸಹಾಯವಾಣಿ. ಕೊನೆಯ ದಿನ ಇಂಥದ್ದು ಆದರೆ ಆ ಪುಟದ ಫೋಟೊವನ್ನು ಸಾಕ್ಷಿಯಾಗಿ ಪರಿಗಣಿಸಿ ಅವಧಿ ವಿಸ್ತರಿಸಿ. ಹಾಗೆಯೇ ನಿರ್ವಹಣೆಯ ಗುತ್ತಿಗೆಯಲ್ಲಿ, ಪ್ರತಿ ಸಲ ನಿಂತಾಗಲೂ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು ಎಂಬ ಷರತ್ತು ಸೇರಿಸಿ.

ಕೌಂಟರಿನಲ್ಲಿ, ಆನ್‌ಲೈನ್ ಸೆಂಟರಿನಲ್ಲಿ ಕೂತ ಅಣ್ಣ-ತಮ್ಮಂದಿರಿಗೂ ಒಂದು ಮಾತು. ಬಂದವರನ್ನು ವಾಪಸ್ ಕಳಿಸಲೇಬೇಕಾದರೆ ಒಂದು ಚೀಟಿಯಲ್ಲಿ ಎರರ್ ನಂಬರ್, ಅರ್ಜಿ ಸಂಖ್ಯೆ, ಗಂಟೆ-ನಿಮಿಷ ಬರೆದುಕೊಡಿ. ಲಾಗಿನಲ್ಲಿ ಲಕ್ಷಗಟ್ಟಲೆ ಸಾಲುಗಳಿರುತ್ತವೆ. ಸಮಯ ಗೊತ್ತಿದ್ದರೆ ಬೇಕಾದ ಸಾಲು ನಿಮಿಷದಲ್ಲಿ ಸಿಗುತ್ತದೆ. ಸರ್ವರಿನ ಗಡಿಯಾರ ಬಹಳ ಕಡೆ ಯುಟಿಸಿಯಲ್ಲಿ, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ ಇರುತ್ತದೆ. ನೀವು ಚೀಟಿಯಲ್ಲಿ ನಮ್ಮ ಗಡಿಯಾರದ ಸಮಯವನ್ನೇ ಬರೆಯಿರಿ, ಲೆಕ್ಕ ಹಾಕುವುದು ನಮ್ಮಂಥವರ ಕೆಲಸ.

ಇಂತಿ,
ಸರ್ವರ್ ನಿರ್ವಹಣೆಯ ಕೆಲಸದಲ್ಲಿರುವ ಓದುಗರೊಬ್ಬರು
ಗಂಗಾವತಿ, ಕೊಪ್ಪಳ ಜಿಲ್ಲೆ