ಮೈನಸ್ 40 ಡಿಗ್ರಿಯ ಎಂಜಿನ್: ನಿಮ್ಮ ಸರ್ವಿಸ್ ಸೆಂಟರ್ ಮೇಲೊಂದು ದೂರು

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಕೆಟ್ಟಿದ್ದ ಕೂಲಂಟ್ ಟೆಂಪರೇಚರ್ ಸೆನ್ಸರ್ (ಎಂಜಿನ್ ತಂಪಾಗಿಡುವ ದ್ರವದ ಬಿಸಿ ಅಳೆಯುವ ಭಾಗ) ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಬದಲಿಸಿದ ಬಗ್ಗೆ.

ಮಾನ್ಯರೇ,

"ನಿಮ್ಮ ದೂರು ಪರಿಹಾರವಾಗಿದೆ, ದಯವಿಟ್ಟು ಐದು ಸ್ಟಾರ್ ಕೊಡಿ" ಎಂದು ನಿನ್ನೆ ನಿಮ್ಮಿಂದ ಮೆಸೇಜ್ ಬಂತು. ಯಾರ ದೂರು, ಯಾರು ಪರಿಹರಿಸಿದರು ಎಂದು ಕೇಳೋಣವೆಂದರೆ ಆ ನಂಬರಿಗೆ ಉತ್ತರ ಕಳಿಸಲು ಬರುವುದಿಲ್ಲ. ಫೋನಿನಲ್ಲಿ ಮರ್ಯಾದೆಯಿಂದ ಕೇಳಿ ಸಾಕಾಗಿದೆ. ಇನ್ನು ಬರವಣಿಗೆಯಲ್ಲೇ ಆಗಲಿ.

ನಾನು ಹೇಳಿದ ತೊಂದರೆ ಇಷ್ಟು: ಕೀ ತಿರುಗಿಸಿದ ಕೂಡಲೇ ರೇಡಿಯೇಟರ್ ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತದೆ, ನಿಲ್ಲುವುದೇ ಇಲ್ಲ. ಎಷ್ಟು ದೂರ ಓಡಿಸಿದರೂ ಟೆಂಪರೇಚರ್ ಮುಳ್ಳು ಮೇಲೇಳುವುದಿಲ್ಲ. ಬಿಸಿ ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಕೆಮ್ಮುತ್ತದೆ, ಕಪ್ಪು ಹೊಗೆ ಬಿಡುತ್ತದೆ, ಪೆಟ್ರೋಲ್ ಕುಡಿಯುತ್ತದೆ. ಜಾಬ್ ಕಾರ್ಡಿನಲ್ಲಿ "ಗ್ರಾಹಕರು ಹೇಳಿದ ತೊಂದರೆ" ಎಂಬ ಜಾಗವಿದೆಯಲ್ಲ, ಅಲ್ಲಿ ನಿಮ್ಮವರು ಬರೆದದ್ದು "ಜನರಲ್ ಚೆಕಪ್".

ಮೊದಲು ಚೆಕ್ ಎಂಜಿನ್ ದೀಪದ ಕೋಡ್ ಅಳಿಸಿ ಕಳಿಸಿದರು. ದೀಪ ಮತ್ತೆ ಹತ್ತಿತು. ಆಮೇಲೆ ಥರ್ಮೋಸ್ಟಾಟ್ ಬದಲಾಯಿತು, ಕೂಲಂಟ್ ಬದಲಾಯಿತು, ಸ್ಪಾರ್ಕ್ ಪ್ಲಗ್ ಬದಲಾದವು. ಬದಲಿಸಿದ ಹಳೆಯ ಭಾಗಗಳನ್ನು ಗ್ರಾಹಕರಿಗೆ ತೋರಿಸುತ್ತೇವೆ ಎಂದು ನಿಮ್ಮದೇ ಜಾಬ್ ಕಾರ್ಡಿನ ಹಿಂಬದಿಯಲ್ಲಿ ಅಚ್ಚಾಗಿದೆ. ಕೇಳಿದರೆ "ಸ್ಕ್ರ್ಯಾಪಿಗೆ ಹೋಯ್ತು" ಎಂದರು. ನನಗೆ ಬಂದದ್ದು ಬಿಲ್ ಮಾತ್ರ.

ಕೊನೆಯ ಸಲ ನಡೆದದ್ದನ್ನು ಮಾತು ಬಿಡದೆ ಬರೆಯುತ್ತೇನೆ. ಕೌಂಟರಿನ ಮುಂದೆ ಬೇರೆ ಗ್ರಾಹಕರೂ ಕೂತಿದ್ದರು. ಸರ್ವಿಸ್ ಅಡ್ವೈಸರ್ ತಲೆ ಎತ್ತದೆ, "ಸರ್ ಬಂದಿಲ್ವಾ ಮೇಡಂ?" ಎಂದರು. ಗಾಡಿ ನನ್ನದು, ನನಗೇ ಹೇಳಿ ಎಂದೆ. "ಅಲ್ಲ, ಸ್ವಲ್ಪ ಟೆಕ್ನಿಕಲ್ ವಿಷಯ. ಸರ್‌ಗೆ ಫೋನ್ ಹಾಕ್ಕೊಡಿ, ನಾನೇ ಎಕ್ಸ್‌ಪ್ಲೇನ್ ಮಾಡ್ತೀನಿ." (ನಮ್ಮ ಮನೆಯ ಸರ್‌ಗೆ ಕಾರು ಓಡಿಸಲು ಬರುವುದಿಲ್ಲ. ಬಾನೆಟ್ ಯಾವ ಕಡೆ ತೆರೆಯುತ್ತದೆ ಎಂದೂ ಗೊತ್ತಿಲ್ಲ.) ಹೊತ್ತಾಯಿತೆಂದು ನಾನೇ ಬಗ್ಗಿ, ಗಾಡಿಯ ದೋಷದ ಕೋಡ್ ತೋರಿಸುವ ಸ್ಕ್ಯಾನರ್ ನೋಡಿದೆ. ಕೋಡ್ ಪಿ 0118, ಕೂಲಂಟ್ ಟೆಂಪರೇಚರ್ ಮೈನಸ್ 40. ಆಗ ತಾನೇ ಓಡಿಸಿಕೊಂಡು ಬಂದ ಎಂಜಿನ್ ಅದು, ಬಾನೆಟ್ ಮೇಲೆ ಕೈ ಇಡುವ ಹಾಗಿರಲಿಲ್ಲ. ಇದೇನು ಎಂದು ಕೇಳಿದೆ. "ಅದು ಫ್ಯಾರನ್‌ಹೀಟ್‌ನಲ್ಲಿರತ್ತೆ ಮೇಡಂ, ನಿಮಗೆ ಗೊತ್ತಾಗಲ್ಲ" ಎಂದರು. ಹಿಂದೆ ಯಾರೋ ನಕ್ಕರು.

ಮೈನಸ್ 40 ಎಂಬುದು ಸೆಲ್ಸಿಯಸ್‌ನಲ್ಲೂ ಫ್ಯಾರನ್‌ಹೀಟ್‌ನಲ್ಲೂ ಒಂದೇ, ಸ್ವಾಮಿ. ಎರಡು ಅಳತೆಗಳೂ ಕೂಡುವ ಜಾಗವೇ ಅದು. ಅಷ್ಟು ಚಳಿಯಿದ್ದರೆ ನೀವು ಅರ್ಧಕ್ಕರ್ಧ ನೀರು ಬೆರೆಸಿ ತುಂಬಿದ ಕೂಲಂಟ್ ಕೂಡ ಗಡ್ಡೆಕಟ್ಟಬೇಕು. ಹೀಗೆಂದಾಗ ಅವರು ಒಂದು ಕ್ಷಣ ಸುಮ್ಮನಿದ್ದು, "ಹಂಗಾದ್ರೆ ಇಸಿಯು ಹೋಗಿದೆ" ಎಂದು ಹೊಸ ಇಸಿಯುವಿನ (ಎಂಜಿನ್ ನಡೆಸುವ ಕಂಪ್ಯೂಟರಿನ) ಎಸ್ಟಿಮೇಟ್ ಪ್ರಿಂಟ್ ತೆಗೆದು ಕೈಗಿತ್ತರು. ಪ್ರಿಂಟರ್ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನಿಮ್ಮ ವರ್ಕ್‌ಶಾಪ್ ಮ್ಯಾನ್ಯುಯಲ್ ನಿಮಗೆ ಗೊತ್ತಿದೆ ಎಂದುಕೊಂಡೇ ಬರೆಯುತ್ತಿದ್ದೇನೆ. ಈ ಸೆನ್ಸರ್ ಒಂದು ಥರ್ಮಿಸ್ಟರ್. ತಣ್ಣಗಿದ್ದಾಗ ಅದರ ರೆಸಿಸ್ಟೆನ್ಸ್ ಸಾವಿರಾರು ಓಮ್, ಎಂಜಿನ್ ಬಿಸಿಯಾದಾಗ ಕೆಲವು ನೂರಕ್ಕೆ ಇಳಿಯುತ್ತದೆ. ಇಸಿಯು 5 ವೋಲ್ಟ್ ಕೊಟ್ಟು ಅದನ್ನು ಓದುತ್ತದೆ. ಸರ್ಕ್ಯೂಟ್ ಎಲ್ಲೋ ಕಡಿದರೆ ವೋಲ್ಟೇಜ್ ಮೇಲೇ ನಿಲ್ಲುತ್ತದೆ. ಅದನ್ನೇ ಇಸಿಯು ಕೊರೆಯುವ ಚಳಿ ಎಂದು ತಿಳಿದು ಪೆಟ್ರೋಲ್ ಜಾಸ್ತಿ ಸುರಿಯುತ್ತದೆ, ಆ ಲೆಕ್ಕವನ್ನು ಪೂರ್ತಿ ನಂಬಲಾಗದೆ, ಎಂಜಿನ್ ಎಲ್ಲಿ ಸುಟ್ಟೀತೋ ಎಂದು ಫ್ಯಾನನ್ನೂ ಬಿಡದೆ ಓಡಿಸುತ್ತದೆ. ಪಿ 0118 ಹೇಳುವುದೂ ಅದನ್ನೇ. ನಾನು ಹೇಳಿದ ಲಕ್ಷಣಗಳಲ್ಲಿ ಇದರ ಹೊರಗಿನದು ಯಾವುದಿತ್ತು?

ಗಾಡಿಯನ್ನು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ತೆಗೆದುಕೊಂಡು ಹೋದೆ. ಅವರು ಸೆನ್ಸರಿನ ಕನೆಕ್ಟರ್ ಕಳಚಿ, ಅದರ ಎರಡು ಪಿನ್ನುಗಳಿಗೆ ಒಂದು ತುಂಡು ವೈರ್ ಸೇರಿಸಿದರು. ಸ್ಕ್ಯಾನರಿನಲ್ಲಿ ಮೈನಸ್ 40 ಇದ್ದದ್ದು ನೇರ ಬಿಸಿಯ ತುದಿಗೆ ಹಾರಿತು. ಅಂದರೆ ವೈರಿಂಗ್ ಸರಿಯಿದೆ, ನೀವು ಸಾಯಿಸಿದ ಇಸಿಯು ಬದುಕಿದೆ. ಸೆನ್ಸರಿಗೆ ಮಲ್ಟಿಮೀಟರ್ ಹಿಡಿದರೆ ತಣ್ಣಗಿದ್ದಾಗಲೂ ರೀಡಿಂಗ್ ಇಲ್ಲ, ಬಿಸಿಯಾದಾಗಲೂ ಇಲ್ಲ, ಒಳಗೇ ತುಂಡಾಗಿತ್ತು. ಒಂದು ಲೋಟ ಚಹಾ ಆರುವಷ್ಟರಲ್ಲಿ ಮುಗಿದ ಪರೀಕ್ಷೆ. ಹೊಸ ಸೆನ್ಸರ್ ಹಾಕಿದ ಮೇಲೆ ಫ್ಯಾನ್ ಬೇಕಾದಾಗ ಮಾತ್ರ ತಿರುಗುತ್ತಿದೆ, ಮುಳ್ಳು ಇರಬೇಕಾದಲ್ಲಿದೆ.

ಥರ್ಮೋಸ್ಟಾಟ್, ಪ್ಲಗ್, ಕೂಲಂಟ್ ಇವುಗಳ ಹಣ ವಾಪಸ್ ಕೇಳಬೇಕೆಂದಿದ್ದೆ. ನಿನ್ನೆಯ ಮೆಸೇಜ್ ನೋಡಿದ ಮೇಲೆ ಆ ಆಸೆ ಬಿಟ್ಟಿದ್ದೇನೆ. ಜಾಬ್ ಕಾರ್ಡುಗಳು, ಬಿಲ್ಲುಗಳು, ಸ್ಕ್ಯಾನರ್ ಪರದೆಯ ಫೋಟೋ, ಸಹಿ ಇರುವ ಇಸಿಯು ಎಸ್ಟಿಮೇಟ್ ಎಲ್ಲವೂ ಗ್ರಾಹಕರ ನ್ಯಾಯಾಲಯಕ್ಕೆ ಹೋಗುತ್ತವೆ. ಸತ್ತ ಸೆನ್ಸರ್ ನನ್ನ ಬಳಿ ಜೋಪಾನವಾಗಿದೆ, ಅದನ್ನು ಸ್ಕ್ರ್ಯಾಪಿಗೆ ಹಾಕಿಲ್ಲ. ಮಾನಸಿಕ ಕಿರುಕುಳಕ್ಕೆ ಎಷ್ಟು ಕೇಳಬೇಕೆಂಬುದನ್ನು ವಕೀಲರು ತೀರ್ಮಾನಿಸುತ್ತಾರೆ, ಅವರು ನನ್ನಷ್ಟು ಸೌಮ್ಯ ಸ್ವಭಾವದವರಲ್ಲ. ನಿಮ್ಮ ಕಡೆಯ ವಕೀಲರು ಬರುವಾಗ ಒಂದು ಮಲ್ಟಿಮೀಟರ್ ಹಿಡಿದುಕೊಂಡು ಬರಲಿ.

ಇತಿ,
ಸದ್ಯಕ್ಕೆ ನಿಮ್ಮ ಗ್ರಾಹಕಿ